ಯಾರನ್ನೂ ನಂಬದ ಕೋಚ್ ಸಾಹೇಬರು

ಕೋಚ್ ಸಾಹೇಬರ ಎಡಗಾಲಿನ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ನಿಂತಾಗಲೂ ಅಷ್ಟೆ, ನಡೆದಾಗಲೂ ಅಷ್ಟೆ, ಆ ಕಾಲಿನ ಭಾರವೆಲ್ಲ ಬೆರಳುಗಳ ಮೇಲೆ. ದೂರದಿಂದ ನೋಡಿದರೆ ಯಾರದೋ ಮನೆಯ ಕಾಂಪೌಂಡ್ ಗೋಡೆಯಾಚೆ ಇಣುಕುತ್ತಿರುವ ಮನುಷ್ಯನ ಹಾಗೆ ಕಾಣುತ್ತಿದ್ದರು. ಹತ್ತಿರ ಹೋದರೂ ಆ ಅಭಿಪ್ರಾಯ ಬದಲಾಗುತ್ತಿರಲಿಲ್ಲ, ಏಕೆಂದರೆ ಅವರ ಕಣ್ಣುಗಳೂ ಅದೇ ಕೆಲಸ ಮಾಡುತ್ತಿದ್ದವು. ನಾವು ‘ನಮಸ್ಕಾರ ಸಾರ್’ ಎಂದರೆ ಆ ನಮಸ್ಕಾರದ ಹಿಂದೆ ಏನಿದೆ ಎಂದು ಒಂದು ಸಲ ಅಳೆದು ನೋಡಿ, ಆಮೇಲೆ ಕೈ ಎತ್ತುತ್ತಿದ್ದರು.

ಅವರೊಬ್ಬರನ್ನೇ ಏಕೆ ಅನ್ನಲಿ? ನಮ್ಮೂರು ಶಿಡ್ಲಘಟ್ಟದಲ್ಲಿ ಅನುಮಾನ ಒಂದು ಕಸುಬು. ನಮ್ಮಪ್ಪ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ರೀಲರ್. ಗೂಡಿನ ಮಾರುಕಟ್ಟೆಯಲ್ಲಿ ರೈತ ಸುರಿದ ರಾಶಿಯ ಮೇಲಿನ ಗೂಡನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಸರಿಯಾಗಿದೆಯೋ ಇಲ್ಲವೋ ಸದ್ದಿನಲ್ಲೇ ತಿಳಿಯುತ್ತಾರೆ. ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಡುತ್ತಿರಲಿಲ್ಲ. ಡಾಕ್ಟರಾಗಲಿ, ಬಾಡಿಗೆಗೆ ಬಂದವರಾಗಲಿ, ನನ್ನ ಗಣಿತದ ಮೇಷ್ಟರಾಗಲಿ, ಎಲ್ಲರನ್ನೂ ಒಂದು ಸಲ ಅಲ್ಲಾಡಿಸಿ ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಫುಟ್‌ಬಾಲ್ ಕಲಿಯಲು ಹೋಗುತ್ತೇನೆ ಎಂದ ದಿನ, ಕೋಚ್ ಸಾಹೇಬರಿಗೂ ಅದೇ ಗತಿ ಕಾದಿತ್ತು.

ಊರಿಗೆ ಅವರ ಮೇಲೆ ಅನುಮಾನ ಪಡಲು ಕಾರಣಗಳಿಗೇನೂ ಬರವಿರಲಿಲ್ಲ. ಹುಟ್ಟಿದ್ದು ನಮ್ಮೂರಿನಲ್ಲೇ ಆದರೂ ಹರೆಯದಲ್ಲೇ ಬೆಂಗಳೂರು ಸೇರಿ, ಯಾವುದೋ ಕಾರ್ಖಾನೆಯ ಸ್ಟೋರಿನಲ್ಲಿ ದುಡಿದು, ನಿವೃತ್ತರಾಗಿ ಮರಳಿದವರು. ಕಾರ್ಖಾನೆಯ ಟೀಮಿಗೆ ಆಡಿದ್ದೆ, ಆಟದಿಂದಲೇ ಕೆಲಸ ಸಿಕ್ಕಿತು ಎನ್ನುತ್ತಿದ್ದರು. ಕುಂಟುವ ಮನುಷ್ಯ ಫುಟ್‌ಬಾಲ್ ಆಡಿದ್ದನೆಂದರೆ ಯಾರು ನಂಬುತ್ತಾರೆ? ಬೆಳಗಾಗುತ್ತಲೇ ಕಾಲೇಜು ಮೈದಾನಕ್ಕೆ ಬಂದು, ಯಾರಿಂದಲೂ ಏನೂ ಕೇಳದೆ, ಅದೂ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತಾರೆಂದರೆ ಅದರಲ್ಲಿ ಏನೋ ಇದ್ದೇ ಇರಬೇಕು ಎಂದು ಟೀ ಅಂಗಡಿಗಳಲ್ಲಿ ತೀರ್ಮಾನವಾಗಿತ್ತು. ಆ ಏನೋ ಏನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ನನ್ನನ್ನು ಕರೆದುಕೊಂಡು ಮೈದಾನಕ್ಕೆ ಹೋದರು. ಸಾಹೇಬರು ಹೊಂಗೆ ಮರದಡಿ ಕೂತು ಚೆಂಡಿಗೆ ಗಾಳಿ ತುಂಬುತ್ತಿದ್ದರು.

“ನೀವು ಆಟ ಕಲ್ತಿದ್ದು ಯಾರ ಹತ್ರ ಸಾಬ್ರೇ?”

“ನಮ್ ಉಸ್ತಾದ್ ಹತ್ರ. ಬೆಂಗಳೂರಲ್ಲಿ.”

“ಅವ್ರು ಯಾರ ಹತ್ರ ಕಲ್ತಿದ್ರಂತೆ?”

“ಹಂಗೇರಿಯವರ ಹತ್ರ.”

ಅಪ್ಪನ ಹುಬ್ಬು ಮೇಲೇರಿತು. “ಅದೆಲ್ಲಿ ಬರ್ತದೆ?”

ಸಾಹೇಬರು ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದರು. “ಇಲ್ಲಿ ರಷ್ಯಾ. ಇಲ್ಲಿ ಇಟಲಿ. ನಡುವೆ ಇದೆ ನೋಡಿ, ಇಷ್ಟೇ ಇಷ್ಟು.”

“ಹೆಸ್ರೇನು ಆ ಯಪ್ಪಂದು?”

“ಹೆಸರು ಉಸ್ತಾದ್‌ಗೂ ಬಾಯಿಗೆ ಹತ್ತಿರಲಿಲ್ಲ. ಹಂಗೇರಿ ಸಾಬ್ ಅಂತಾನೇ ಅಂತಿದ್ರು.” ಇಷ್ಟು ಹೇಳಿ ಅವರು ಪಂಪು ಕೆಳಗಿಟ್ಟು, ಅಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ಈಗ ನೀವು ಹೇಳಿ. ಊರಲ್ಲಿ ಯಾರೂ ಮಗಳನ್ನ ತಾವಾಗೇ ಕರ್ಕೊಂಡು ಬರಲ್ಲ. ನೀವು ಯಾಕೆ ಬಂದಿರಿ? ಯಾರಾದ್ರೂ ಕಳಿಸಿದ್ರಾ?”

ಅಪ್ಪ ನನ್ನ ಕೈ ಹಿಡಿದು ಮನೆಯ ದಾರಿ ಹಿಡಿದರು. ಮನೆ ಹತ್ತಿರ ಬಂದಾಗ, “ಹೆಸ್ರೇ ಇಲ್ದೋನು ಅಂದ್ರೆ ಅಂಥೋನು ಇಲ್ವೇ ಇಲ್ಲ ಅಂತ ಲೆಕ್ಕ,” ಎಂದರು. ಆಮೇಲೆ, “ಆದ್ರೂ ಆ ಯಪ್ಪ ನನ್ನೇ ನಂಬ್ಲಿಲ್ಲ ನೋಡು. ಹುಷಾರಿನ ಮನುಷ್ಯ. ಸರ್ಲೇ, ಹೋಗಮ್ಮ,” ಎಂದರು. ನನಗೆ ಆಟಕ್ಕೆ ಅನುಮತಿ ಸಿಕ್ಕಿದ್ದು ಹೀಗೆ.

ಆ ಹಂಗೇರಿ ಸಾಬರ ಕತೆಯನ್ನು ಅಭ್ಯಾಸ ಮುಗಿದ ಮೇಲೆ, ನಾವು ಕಾಲುಚೀಲ ಬಿಚ್ಚುತ್ತಾ ಕೂತಾಗ, ಕಂತು ಕಂತಾಗಿ ಹೇಳುತ್ತಿದ್ದರು. ಅವರ ಉಸ್ತಾದರು ಹುಡುಗರಾಗಿದ್ದಾಗ ಬೆಂಗಳೂರಿನಲ್ಲಿ ನಡೆದ ಒಂದು ಶಿಬಿರಕ್ಕೆ ಈ ಮುದುಕ ಬಂದಿದ್ದನಂತೆ. ಅವನು ಆಡಿದ್ದು ಬಹಳ ಹಿಂದೆ. ಆ ಕಾಲದಲ್ಲಿ ಹನ್ನೊಂದು ಜನ ಒಳಗೆ ಹೋದರೆ ಮುಗಿಯಿತು, ಒಬ್ಬನಿಗೆ ಪೆಟ್ಟಾದರೆ ಅವನ ಬದಲು ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ಪೆಟ್ಟಾದವನನ್ನು ಮೈದಾನದ ಅಂಚಿಗೆ ತಳ್ಳಿ, ‘ಅಲ್ಲೇ ನಿಂತಿರು, ಎದುರಿನವರಿಗೆ ಒಂದಿಷ್ಟು ತೊಂದರೆ ಕೊಡುತ್ತಿರು’ ಎನ್ನುತ್ತಿದ್ದರಂತೆ. ಈ ಹಂಗೇರಿಯವನೂ ಒಂದು ಆಟದಲ್ಲಿ ಮುರಿದ ಕಾಲಿನಲ್ಲಿ ಹಾಗೇ ಅಂಚಿನಲ್ಲಿ ನಿಂತ. ನಿಂತವನ ಹತ್ತಿರ ಚೆಂಡು ಬಂತು, ಗೋಲು ಹೊಡೆದ, ಜನ ಹೆಗಲ ಮೇಲೆ ಹೊತ್ತು ಕುಣಿದರು. ಆ ಕಾಲು ಮತ್ತೆ ಸರಿಹೋಗಲಿಲ್ಲ. ಮೂವತ್ತು ತುಂಬುವ ಮೊದಲೇ ಆಟ ಬಿಟ್ಟು ಕೋಚ್ ಆದ. ಇಟಲಿ ಎಂದು ಹೋದ, ಇನ್ನೆಲ್ಲೆಲ್ಲಿಗೋ ಹೋದ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವನ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಲ್ಲಿಂದ ಮುಂದೆ ಬಾಗಿಲಿಗೆ ಬೆನ್ನು ಹಾಕಿ ಅವನು ಕೂತದ್ದನ್ನು ಯಾರೂ ನೋಡಲಿಲ್ಲವಂತೆ.

“ಪೆಟ್ಟಾಯ್ತು, ಹೊರಗೆ ಬರ್ತೀನಿ ಅಂತ ತಾನಾಗೇ ಕೇಳೋ ಆಟಗಾರ ಎಲ್ಲೂ ಇಲ್ಲ. ನಾವೇ ಕರೀಬೇಕು,” ಎಂದು ಹಂಗೇರಿ ಸಾಬ್ ಹೇಳಿದ್ದನಂತೆ. ಅದನ್ನು ಉಸ್ತಾದರು ಇವರಿಗೆ ಹೇಳಿದ್ದರು. ಇವರು ನಮಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಆ ಉಸ್ತಾದರು ಒಂದೇ ಒಂದು ಸಲ ಈ ಮಾತು ಮರೆತರು. ನಮ್ಮ ಸಾಹೇಬರು ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಒಂದು ದೊಡ್ಡ ಆಟದ ಹಿಂದಿನ ದಿನ ಹಿಮ್ಮಡಿಯ ಮೇಲಿನ ನರ ನೋಯುತ್ತಿತ್ತು. ‘ಆಡ್ತೀಯಾ?’ ಎಂದು ಉಸ್ತಾದರು ಕೇಳಿದರು. ‘ಆಡ್ತೀನಿ’ ಎಂದು ಇವರು ಹೇಳಿದರು. ಮಾರನೆಯ ದಿನ ಮೈದಾನದ ನಡುವೆ ಆ ನರ ಕಿತ್ತುಹೋಯಿತು. ಹೊಲಿದಾಗ ಅದು ಗಿಡ್ಡವಾಗಿ, ಹಿಮ್ಮಡಿ ಮತ್ತೆ ನೆಲ ಮುಟ್ಟಲಿಲ್ಲ. “ನನ್ ಮಾತು ನಂಬ್ಬಿಟ್ರು ನೋಡು,” ಎಂದು ಸಾಹೇಬರು ಆ ಹಿಮ್ಮಡಿ ಸವರಿಕೊಳ್ಳುತ್ತಿದ್ದರು. ಗುರುವಿನ ಮೇಲೆ ಅವರಿಗೆ ಇದ್ದ ದೂರು ಅದೊಂದೇ.

ಹೀಗಾಗಿ ಇವರು ನಂಬುವುದನ್ನೇ ಬಿಟ್ಟರು. ಆಟಕ್ಕೆ ಮುಂಚೆ ಎದುರು ಟೀಮಿನವರು ಕೊಟ್ಟ ಚೆಂಡನ್ನು ಒತ್ತಿ ನೋಡಿ, ನಮ್ಮೂರಿನವರೇ ಅಲ್ಲವೆ, ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸುತ್ತಿದ್ದರು. ಬೇರೆ ಊರಿನ ಬಿಂದಿಗೆಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. ಚಿಂತಾಮಣಿಯ ಮೈದಾನ ಒಂದು ಕಡೆಗೆ ಇಳಿಜಾರಾಗಿದೆ, ಬೇಕೆಂದೇ ಹಾಗೆ ಮಾಡಿದ್ದಾರೆ ಎಂಬುದು ಅವರ ದೃಢವಾದ ಅಭಿಪ್ರಾಯ. ಎಲ್ಲಕ್ಕಿಂತ ಹೆಚ್ಚು ಅನುಮಾನ ನಮ್ಮ ಮೇಲೆಯೇ. ಯಾರಾದರೂ ಬಿದ್ದು ಎದ್ದರೆ ‘ಪೆಟ್ಟಾಯ್ತಾ?’ ಎಂದು ಕೇಳುತ್ತಲೇ ಇರಲಿಲ್ಲ. ‘ಇಲ್ಲ ಸಾರ್’ ಎಂಬ ಉತ್ತರ ಅವರಿಗೆ ಮೊದಲೇ ಗೊತ್ತು. ಅದರ ಬದಲು ಗೆರೆಯ ಹತ್ತಿರ ಕರೆದು, “ಬೆಳಗ್ಗೆ ಏನು ತಿಂದೆ ಬೇಟಿ?” ಎನ್ನುತ್ತಿದ್ದರು. ಥಟ್ಟನೆ, ಸರಿಯಾಗಿ ಹೇಳಿದರೆ ಮುಖ ದಿಟ್ಟಿಸಿ ನೋಡಿ ವಾಪಸ್ಸು ಕಳಿಸುತ್ತಿದ್ದರು. ತಡವರಿಸಿದರೆ ಆವತ್ತಿನ ಆಟ ಅಲ್ಲಿಗೇ ಮುಗಿಯಿತು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ, ಏಕೆಂದರೆ ಬೆಳಗ್ಗೆ ಮೈದಾನಕ್ಕೆ ಬಂದ ಕೂಡಲೇ ಒಬ್ಬೊಬ್ಬರನ್ನೇ ಅದೇ ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದರು.

ನೋಡುವವರಿಗೆ ಇದು ದೊಡ್ಡ ತಮಾಷೆ. “ಆಟದ ಮಧ್ಯ ತಿಂಡಿ ಇಚಾರ ಕೇಳೋ ಕೋಚ್ನ ನಾನೆಲ್ಲೂ ಕಂಡಿಲ್ಲ,” ಎಂದು ಅಪ್ಪ ಮನೆಯಲ್ಲಿ ನಗುತ್ತಿದ್ದರು.

ಪಿಯುಸಿ ಎರಡನೇ ವರ್ಷದಲ್ಲಿ ಗೌರಿಬಿದನೂರಿನಲ್ಲಿ ಒಂದು ಪಂದ್ಯವಿತ್ತು. ನಮಗೂ ಗೌರಿಬಿದನೂರಿನವರಿಗೂ. ರಾಜ್ಯದ ಶಿಬಿರಕ್ಕೆ ಹುಡುಗಿಯರನ್ನು ಆರಿಸಲು ಬೆಂಗಳೂರಿನಿಂದ ಇಬ್ಬರು ಬರುತ್ತಾರೆ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ಪೆರೇಸಂದ್ರದ ಕಡೆಯಿಂದ ನನ್ನನ್ನು ಕೇಳಿಕೊಂಡು ಒಂದು ಸಂಬಂಧ ಬಂದಿತ್ತು. ಅಪ್ಪ ಕೆಟ್ಟವರಲ್ಲ. ಆದರೆ ತಳದ ಗೂಡು ಕೈಗೆ ಬರದೆ ಬೆಲೆ ಕೂಗಿದವರೂ ಅಲ್ಲ.

“ನೋಡಮ್ಮ, ಅವ್ರು ಆರಿಸ್ಕೊಂಡ್ರೆ ಓದು, ಆಟ ಏನ್ ಬೇಕಾದ್ರೂ ಮಾಡ್ಕೋ. ಇಲ್ಲಾಂದ್ರೆ ಪೆರೇಸಂದ್ರದೋರಿಗೆ ಹ್ಞೂಂ ಅಂತೀನಿ. ನಾನೇ ಬಂದು ಕಣ್ಣಾರೆ ನೋಡ್ತೀನಿ,” ಎಂದರು. ಈ ಷರತ್ತನ್ನು ನಾನು ಸಾಹೇಬರಿಗೆ ಹೇಳಿದೆ. ಮರುದಿನದಿಂದಲೇ ಅವರು ಅಭ್ಯಾಸವನ್ನು ಅರ್ಧ ಗಂಟೆ ಹೆಚ್ಚಿಸಿದರು.

ಆ ದಿನದ ಬಗ್ಗೆ ನಾನು ಹೇಳುವುದೆಲ್ಲ ಬೇರೆಯವರ ಬಾಯಿಂದ ಕೇಳಿದ್ದು. ಹಿಂದಿನ ಸಂಜೆ ಶೂ ತೊಳೆದು ಬಿಸಿಲಿಗಿಟ್ಟದ್ದು ನೆನಪಿದೆ. ಅಲ್ಲಿಂದ ಮುಂದೆ ನೆನಪಿರುವುದು ಆಸ್ಪತ್ರೆಯ ಮಂಚ. ನಡುವಿನದು ಇವತ್ತಿಗೂ ಬಂದಿಲ್ಲ.

ಗೌರಿಬಿದನೂರಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎಲ್ಲರೂ ಇಡ್ಲಿ ತಿಂದೆವಂತೆ. ನಾನು ಸಾಹೇಬರ ಎದುರೇ ಕೂತಿದ್ದೆನಂತೆ. ಆಟ ಶುರುವಾಯಿತು. ಅರ್ಧ ಆಟಕ್ಕೆ ಇನ್ನೇನು ಸ್ವಲ್ಪ ಹೊತ್ತು ಇದೆ ಎನ್ನುವಾಗ ಚೆಂಡಿಗೆ ಹಾರಿದ ನಾನೂ ಅವರ ಕಡೆಯ ಒಬ್ಬಳೂ ತಲೆಗೆ ತಲೆ ಬಡಿದುಕೊಂಡು ಬಿದ್ದೆವು. ಇಬ್ಬರೂ ಎದ್ದೆವು. ವಿರಾಮದಲ್ಲಿ ನಾನು ನಗುತ್ತಾ ನೀರು ಕುಡಿದೆನೆಂದು ಗೆಳತಿಯರು ಹೇಳುತ್ತಾರೆ. ಎರಡನೆಯ ಅರ್ಧದಲ್ಲಿ ಒಂದು ಗೋಲು ಹೊಡೆದೆ. ಅಪ್ಪ ಶಾಮಿಯಾನದ ಪಕ್ಕ ನಿಂತು ಪಕ್ಕದವರಿಗೆಲ್ಲ, “ನಮ್ ಹುಡುಗಿ, ನಮ್ ಹುಡುಗಿ,” ಎನ್ನುತ್ತಿದ್ದರಂತೆ. ಒಳಗೆ ಬೆಂಗಳೂರಿನ ಇಬ್ಬರೂ ನನ್ನ ಕಡೆ ಕೈ ತೋರಿಸಿ ಮಾತಾಡುತ್ತಿದ್ದರು.

ಆಗ ಚೆಂಡು ಗೆರೆಯಾಚೆ ಹೋಯಿತು. ಸಾಹೇಬರು ನನ್ನನ್ನು ಹತ್ತಿರ ಕರೆದರು.

“ಬೆಳಗ್ಗೆ ಏನು ತಿಂದೆ ಬೇಟಿ?”

“ಉಪ್ಪಿಟ್ಟು ಸಾರ್,” ಎಂದೆನಂತೆ, ಒಂದಿಷ್ಟೂ ತಡವರಿಸದೆ.

ಸಾಹೇಬರು ರೆಫರಿಗೆ ಕೈ ಮಾಡಿ ನನ್ನನ್ನು ಹೊರಗೆಳೆದುಕೊಂಡರು. ನಾನು ಅವರ ಕೈ ಕೊಡವಿ ಒಳಗೆ ಓಡಲು ನೋಡಿದೆನಂತೆ. ಅವರು ಜೆರ್ಸಿ ಹಿಡಿದು ಬಿಡಲಿಲ್ಲ. ಸಮನಾಗಿದ್ದ ಆಟ ನಾನು ಹೊರಗೆ ಬಂದ ಮೇಲೆ ಕೈತಪ್ಪಿತು, ಸೋತೆವು. ಬೆಂಗಳೂರಿನವರು ಬೇರೆ ಯಾರನ್ನೋ ಆರಿಸಿ ಎದ್ದುಹೋದರು.

ನಮ್ಮೂರಿನಿಂದ ಬಂದಿದ್ದವರಿಗೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಯಿತು. ಸಾಹೇಬರ ಮಗಳನ್ನು ಕೊಟ್ಟಿರುವುದು ಗೌರಿಬಿದನೂರಿಗೆ. “ಮಗ್ಳನ್ನ ಕೊಟ್ಟ ಊರಿಗೆ ಮ್ಯಾಚೂ ಕೊಟ್ಬಿಟ್ಟ,” ಎಂದರು ಯಾರೋ. ಅದು ಸಾಲದೆಂಬಂತೆ, ಆಟ ಮುಗಿಯುವ ಮೊದಲೇ ಅವರು ಶಾಮಿಯಾನದ ಹಿಂದೆ ಆ ಊರಿನ ಆಯೋಜಕರ ಜೊತೆ ಗುಟ್ಟಾಗಿ ಮಾತಾಡುತ್ತಿದ್ದುದನ್ನು ಕಂಡವರಿದ್ದರು. ಅಪ್ಪ ಹೋಗಿ ಅವರ ಅಂಗಿ ಹಿಡಿದರು.

“ಎಷ್ಟಕ್ಕೆ ಮಾರಿದ್ರಿ ಸಾಬ್ರೇ ನನ್ ಮಗಳನ್ನ?”

“ಅಂಗಿ ಆಮೇಲೆ ಹಿಡೀರಿ. ಮೊದಲು ಕಾರು ಹತ್ತಿ. ಕಾರಿಗೇ ನಾನು ಅವರನ್ನ ಕೇಳ್ತಿದ್ದಿದ್ದು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗ್ಬೇಕು.”

“ಏನಾಗದೆ ಅವ್ಳಿಗೆ? ನಿಂತವಳೆ ಅಲ್ವಾ ಗುಂಡುಕಲ್ಲಂಗೆ? ಮಾಡೋದು ಮಾಡ್ಬಿಟ್ಟು ಈಗ ನಾಟ್ಕಾನಾ?”

ಆಯೋಜಕರೇ ನಡುವೆ ಬಂದು ಇಬ್ಬರನ್ನೂ ಕಾರಿಗೆ ತಳ್ಳಿದರು. ಸಾಹೇಬರು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು, ನನ್ನನ್ನು ಮಲಗಲು ಬಿಡದೆ ಏನೇನೋ ಕೇಳುತ್ತಲೇ ಇದ್ದರು. ಮಗುವನ್ನು ಮಲಗಲೂ ಬಿಡುವುದಿಲ್ಲವಲ್ಲ ಎಂದು ಅಪ್ಪನಿಗೆ ಅದರ ಮೇಲೂ ಅನುಮಾನ. ಮಂಚೇನಹಳ್ಳಿ ದಾಟುತ್ತಿದ್ದಂತೆ ನಾನು ಅಪ್ಪನ ಮಡಿಲ ತುಂಬ ವಾಂತಿ ಮಾಡಿಕೊಂಡೆ. ‘ಇದು ಯಾರ ಕಾರಪ್ಪ?’ ಎಂದು ಕೇಳಿದೆ. ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಕೇಳಿದೆ. ಆಗ ಅಪ್ಪ ಬೈಯುವುದನ್ನು ನಿಲ್ಲಿಸಿ, ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರಂತೆ.

ತಲೆಯೊಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಮಾಡಿದವರು ಬೆಂಗಳೂರಿಗೆ ಕಳಿಸಿದರು, ಅಲ್ಲಿ ಆಪರೇಷನ್ ಆಯಿತು. ಆ ತಲೆಗೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಆ ಡಾಕ್ಟರನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಹೊರಗೆ ಬಂದು ಬೆಂಚಿನ ಮೇಲೆ ಸಾಹೇಬರ ಪಕ್ಕ ಕೂತರು.

“ಇಡ್ಲಿ ತಿಂದಿದ್ದು ಅಷ್ಟು ಗ್ಯಾಪ್ಕ ಇತ್ತಾ ಸಾಬ್ರೇ ನಿಮ್ಗೆ?”

“ಮರೆಯೋದು ಹೆಂಗೆ? ನನ್ ತಟ್ಟೆ ವಡೆ ತಿಂದಿದ್ದೂ ಅವಳೇ.”

ಇಬ್ಬರೂ ಆಸ್ಪತ್ರೆಯ ಆ ಬೆಂಚಿನ ಮೇಲೆ ನಕ್ಕರು, ಆಮೇಲೆ ಅಪ್ಪ ಅತ್ತರು ಎಂದು ಅಮ್ಮ ಹೇಳುತ್ತಾಳೆ. ಊರು ಮಾತ್ರ ತನ್ನ ಪಟ್ಟು ಬಿಡಲಿಲ್ಲ. ಮ್ಯಾಚು ಮಾರಿದ್ದು ನಿಜ, ಹುಡುಗಿಗೆ ಪೆಟ್ಟಾಗಿದ್ದು ಅವರ ಅದೃಷ್ಟ ಎಂದು ಈಗಲೂ ಹೇಳುವವರಿದ್ದಾರೆ.

ನನಗೆ ಇನ್ನು ಆಡುವಂತಿಲ್ಲ ಎಂದಾಯಿತು. ತಲೆ ಕೊಯ್ದ ಹುಡುಗಿ ಎಂದು ಪೆರೇಸಂದ್ರದವರೂ ಹಿಂದೆ ಸರಿದರು, ಅವರು ಚೆನ್ನಾಗಿರಲಿ. ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಸಾಹೇಬರು ಬಂದರೆ ಹೊದಿಕೆಯನ್ನು ತಲೆಯ ಮೇಲೆಳೆದುಕೊಳ್ಳುತ್ತಿದ್ದೆ. ಪ್ರಾಣ ಉಳಿಯಿತು ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಕಾಣುತ್ತಿದ್ದುದು ಹೋದ ಆಟ ಒಂದೇ. ಸಾಹೇಬರು ನನ್ನನ್ನು ಸಮಾಧಾನ ಮಾಡಲು ಹೋಗಲೇ ಇಲ್ಲ. ಸೀದಾ ಅಪ್ಪನ ಹತ್ತಿರ ಹೋಗಿ, “ಆಡೋಕಾಗಲ್ಲ ಅಂದ್ರೆ ಆಡ್ಸೋದು ಕಲೀಲಿ. ಹಂಗೇರಿ ಸಾಬ್ ಮಾಡಿದ್ದೂ ಅದನ್ನೇ, ನಾನು ಮಾಡಿದ್ದೂ ಅದನ್ನೇ,” ಎಂದರು. ಅಪ್ಪ ಆ ಹೆಸರಿಲ್ಲದ ಮನುಷ್ಯನ ಬಗ್ಗೆ ಈ ಸಲ ತಕರಾರು ತೆಗೆಯಲಿಲ್ಲ. ನಾನು ದೈಹಿಕ ಶಿಕ್ಷಣ ಓದಿದೆ. ಈಗ ಗೌರಿಬಿದನೂರಿನ ಒಂದು ಶಾಲೆಯಲ್ಲಿ ಪಿಟಿ ಮೇಡಂ ಆಗಿದ್ದೇನೆ, ಸಂಜೆ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಅವರಲ್ಲಿ ಯಾರ ಮಾತನ್ನೂ ನಂಬುವುದಿಲ್ಲ.

ಮೊಬೈಲಿನಲ್ಲಿ ಹಂಗೇರಿ ಸಾಬರನ್ನು ಬಹಳ ಹುಡುಕಿದೆ. ದೇಶ ದೇಶ ಅಲೆದ ಹಂಗೇರಿಯ ಕೋಚುಗಳು ಲೆಕ್ಕವಿಲ್ಲದಷ್ಟು ಸಿಕ್ಕರು. ನಮ್ಮವನು ಯಾರೆಂದು ತಿಳಿಯಲಿಲ್ಲ. ಅದನ್ನು ಸಾಹೇಬರಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಉಸ್ತಾದ್ ಬುರುಡೆ ಬಿಟ್ಟಿರಬಹುದು ಅಂತ ನನಗೂ ಅನುಮಾನ ಇದೆ. ಆದ್ರೆ ಕಾಲು ಮುರ್ಕೊಂಡು ಮೂಲೇಲಿ ನಿಂತೋನು ಯಾರೋ ಒಬ್ಬ ಇದ್ದಿರ್ಲೇಬೇಕು ಬೇಟಿ. ಸುಮ್ನೆ ಕೂತೋರಿಗೆ ಅಂಥ ಮಾತು ಹೊಳೆಯಲ್ಲ.”

ಹೋದ ವರ್ಷ ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ಒಂದು ಭಾನುವಾರ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದೆ. ಮಂಚದ ಮೇಲೆ ದಿಂಬಿಗೊರಗಿ, ಹೆಂಡತಿ ಕೊಟ್ಟ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಿನ್ನೆಯದರ ಬಣ್ಣ ಬೇರೆಯಿತ್ತು ಎಂದು ಜಗಳ. ಆಕೆ ನನ್ನ ಕಡೆ ನೋಡಿ ಹಣೆ ಚಚ್ಚಿಕೊಂಡು, ಟೀ ತರಲು ಒಳಗೆ ಹೋದರು. ಆಗ ಸಾಹೇಬರು, ಬಹಳ ದಿನಗಳಿಂದ ಯೋಚಿಸಿ ಇಟ್ಟುಕೊಂಡವರ ಹಾಗೆ, ಮಾತು ತೆಗೆದರು.

“ಗೌರಿಬಿದನೂರಲ್ಲಿ ನೀನು ಬಿದ್ದಿದ್ದು ಅರ್ಧ ಆಟಕ್ಕೆ ಮುಂಚೆ. ನಾನು ಕೇಳಿದ್ದು ಯಾವಾಗ ಹೇಳು? ಗೋಲ್ ಆದ್ಮೇಲೆ.”

ಕೈಯಲ್ಲಿದ್ದ ಮಾತ್ರೆಯನ್ನು ಅವರು ದಿಂಬಿನ ಪಕ್ಕ ಇಟ್ಟರು.

“ನೀರು ಕುಡಿಯೋವಾಗ್ಲೇ ಕೇಳ್ಬೇಕಿತ್ತು. ಬಾಯಿಗೆ ಬಂತು. ಶಾಮಿಯಾನದಲ್ಲಿ ಬೆಂಗಳೂರಿನವರಿಬ್ರು ಕೂತಿದ್ರು. ನಿಮ್ಮಪ್ಪ ಬೇರೆ ನಿಂತಿದ್ರು. ಕೇಳಿದ್ರೆ ನೀನು ಏನ್ ಹೇಳ್ಬಿಡ್ತೀಯೋ ಅಂತ ಹೆದ್ರಿಕೆ ಆಯ್ತು. ಒಂದು ಗೋಲ್ ಹೊಡೀಲಿ, ಆಮೇಲೆ ಕೇಳಣ ಅಂದ್ಕೊಂಡೆ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. “ಅಷ್ಟರೊಳಗೆ ಇನ್ನೊಂದು ಪೆಟ್ಟು ಬಿದ್ದಿದ್ರೆ?”

ಅಷ್ಟು ವರ್ಷ ಊರೆಲ್ಲ ಅವರ ಮೇಲೆ ಅನುಮಾನ ಪಟ್ಟಿತ್ತು. ಅವರು ಮಾತ್ರ ಊರಿಗೆ ಗೊತ್ತಿಲ್ಲದ ಇನ್ನೊಂದು ಅಪರಾಧವನ್ನು ತಮ್ಮ ಮೇಲೆ ಹೊರಿಸಿಕೊಂಡು ಕೂತಿದ್ದರು. ನಾನು ಅವರ ಕೈ ಹಿಡಿದುಕೊಂಡೆ.

“ಇಲ್ಲ ಸಾರ್. ಆಗ ಕೇಳಿದ್ರೂ ನಾನು ಇಡ್ಲಿ ಅಂತಾನೇ ಹೇಳ್ತಿದ್ದೆ. ಆವಾಗ ನಾನು ಸರಿಯಾಗೇ ಇದ್ದೆ. ನೀವು ಕರೆಯೋ ಹೊತ್ತಿಗೇ ಕರೆದ್ರಿ.”

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಆ ಹೊತ್ತಿನದು ನನಗೆ ಒಂದು ಚೂರೂ ನೆನಪಿಲ್ಲ ಎಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಎರಡು ಸಲ ತಟ್ಟಿ ಬಿಟ್ಟರು. ಟೀ ಬಂತು. ಸಕ್ಕರೆ ಕಡಿಮೆಯೆಂದು ಹೆಂಡತಿಯ ಮೇಲೆ ರೇಗಿದರು.

ಆ ತಿಂಗಳು ಮುಗಿಯುವ ಮೊದಲೇ ಅಪ್ಪ ಫೋನು ಮಾಡಿದರು. ನಾನು ಹೋಗುವ ಹೊತ್ತಿಗೆ ಗಂಡಸರು ಸಾಹೇಬರನ್ನು ಖಬರಸ್ತಾನಕ್ಕೆ ಎತ್ತಿಕೊಂಡು ಹೋಗಿದ್ದರು, ಅಪ್ಪನೂ ಹೆಗಲು ಕೊಟ್ಟಿದ್ದರು. ನಾನು ಒಳಗೆ ಹೆಂಗಸರ ನಡುವೆ ಅವರ ಹೆಂಡತಿಯ ಪಕ್ಕ ಕೂತೆ. ಆಟಗಾರರ ಮಾತು ನಂಬದೆ ಇದ್ದುದರಿಂದಲೇ ಅವರು ನನ್ನನ್ನು ಉಳಿಸಿಕೊಂಡರು, ಅದು ನನಗೆ ಗೊತ್ತು. ಆದರೂ ಆ ಭಾನುವಾರ ನಾನು ಹೇಳಿದ ಒಂದು ಮಾತನ್ನಾದರೂ ಅವರು ನಂಬಬಾರದಿತ್ತೇ? ನಂಬದೆಯೇ ಹೋದರು.